ಎರಡು ಡಬ್ಬಿ, ಒಂದು ಕುರ್ಚಿ

ತಕ್ಕಡಿ ರಿಪೇರಿಯವರನ್ನು ಪೇಟೆಯವರೆಲ್ಲ ಸೊನ್ನೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಖಾಲಿ ತಟ್ಟೆ ಸೊನ್ನೆ ತೋರಿಸದಿದ್ದರೆ ಅವರಿಗೆ ಮೈಯೆಲ್ಲ ಉರಿ. "ಮೊದ್ಲು ಸೊನ್ನೆಗೆ ತನ್ನಿ, ಆಮೇಲೆ ತೂಗಿ!" ಎಂದು ಅಂಗಡಿಯವರ ಮೇಲೆ ರೇಗುತ್ತಲೇ ಮೂವತ್ತು ವರ್ಷ ಕಳೆದಿದ್ದರು. ಅಂಥ ಮನುಷ್ಯ ಮನೆಗೆ ಬಂದರೆ ಮಾತ್ರ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆಲ್ಲ ಕಾರಣ ನಡುಮನೆಯ ಆಡಿಯೋ ಸೆಟ್ಟು.

ಆ ವಾರವಂತೂ ಕೇಳಲೇಬೇಡಿ. ಹಾಡಿನ ಪ್ಲೇಯರಿಗೂ ಸ್ಪೀಕರ್ ನಡೆಸುವ ದೊಡ್ಡ ಆಂಪ್ಲಿಫೈಯರಿಗೂ ನಡುವೆ ಇಡಲು ರೇಡಿಯೋ ಅಂಗಡಿಯ ಗೆಳೆಯ ಎರಡು ಪ್ರೀಆಂಪ್ ಡಬ್ಬಿ ಕೊಟ್ಟು, "ಎರಡ್ರಲ್ಲಿ ಒಂದನ್ನ ಇಟ್ಕೊಂಡು, ಇನ್ನೊಂದನ್ನ ಈ ಶನಿವಾರ ವಾಪಸ್ ಕೊಡಪ್ಪಾ" ಎಂದು ತಲೆಯಲ್ಲಿ ಹುಳ ಬಿಟ್ಟಿದ್ದ. ಒಂದು ಪ್ಯಾಸಿವ್. ಅದಕ್ಕೆ ಕರೆಂಟೇ ಬೇಡ, ಒಳಗಿರುವುದು ಬರೀ ದನಿ ತಗ್ಗಿಸುವ ಗುಂಡಿ. ಇನ್ನೊಂದು ಆಕ್ಟಿವ್. ಪ್ಲಗ್ಗಿಗೆ ಹಾಕಿದರೆ ದನಿಗೆ ತಾನೂ ಒಂದಿಷ್ಟು ಬಲ ಕೂಡಿಸಿ ಮುಂದಕ್ಕೆ ಕಳಿಸುತ್ತದೆ. ಏನೂ ಸೇರಿಸದ್ದು ಒಳ್ಳೆಯದೋ, ಕಸುವು ಕೊಡುವುದು ಒಳ್ಳೆಯದೋ? ಸೋಮವಾರ ಇದು, ಮಂಗಳವಾರ ಅದು, ಬುಧವಾರ ಊಟದ ನಡುವೆ ಎದ್ದು ಎಂಜಲು ಕೈಯಲ್ಲೇ ಮತ್ತೆ ಇದು!

ಅವರ ಚಡಪಡಿಕೆಗೆ ಕಾರಣವಿತ್ತು. ಮದುವೆಯಾದ ಲಾಗಾಯ್ತಿನಿಂದ ಹೆಂಡತಿ ದಿನಾ ಸಂಜೆ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಹಾಡು ಕೇಳುತ್ತಿದ್ದಳು. ನಾಲ್ಕೈದು ವರ್ಷದಿಂದ ಆ ಕಡೆ ಸುಳಿದಿರಲಿಲ್ಲ. ಸೌಂಡು ಸರಿಯಿಲ್ಲ, ಅದಕ್ಕೇ ಬರುತ್ತಿಲ್ಲ ಎಂದು ಇವರು ತೀರ್ಮಾನಿಸಿಬಿಟ್ಟಿದ್ದರು. ಸರಿಯಾದ ಡಬ್ಬಿ ಸಿಕ್ಕರೆ ಮತ್ತೆ ಬಂದು ಕೂರುತ್ತಾಳೆ, ಅವರಿಗೆ ಬೇಕಾದದ್ದು ಅಷ್ಟೇ. ಆದರೆ ಒಂದು ದಿನವಾದರೂ ಬಾಯಿಬಿಟ್ಟು ಕೇಳಿದ ಆಸಾಮಿಯಲ್ಲ!

ಶುಕ್ರವಾರ ಸಂಜೆ ಗೆದ್ದವರಂತೆ ಕೂಗಿದರು. "ಬಾರೇ ಇಲ್ಲಿ! ಆಕ್ಟಿವ್ವೇ ಗಟ್ಟಿ. ಕೇಳು, ಹಾಡಿಗೆ ಹೇಗೆ ಜೀವ ಬಂದಿದೆ!"

ಹೆಂಡತಿ ಬಾಗಿಲಲ್ಲೇ ನಿಂತು ಎರಡನ್ನೂ ಕೇಳಿದಳು. "ಇದು ಸ್ವಲ್ಪ ಜೋರಾಗಿದೆ ಕಣ್ರೀ, ಅಷ್ಟೇ. ಊರೋರಿಗೆಲ್ಲ ಸೊನ್ನೆ ಪಾಠ ಮಾಡ್ತೀರಿ. ಇಲ್ಲಿ ಎರಡನ್ನೂ ಸಮಕ್ಕೆ ತಂದ್ರಾ?"

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂದರೆ ಇದೇ. ಮೀಟರು ತಂದು ಎರಡೂ ಡಬ್ಬಿಯ ದನಿಯನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಸಮ ಮಾಡಿದರು. ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕಣ್ಣು ಮುಚ್ಚಿಕೊಂಡರೆ ಯಾವುದು ಯಾವುದೆಂದು ಅವರಿಗೇ ತಿಳಿಯಲಿಲ್ಲ.

"ಹಾಗಾದ್ರೆ ಸೌಂಡಲ್ಲಿ ತಪ್ಪೇ ಇಲ್ಲ. ಮತ್ತೆ ನೀನ್ಯಾಕೆ ಬಂದು ಕೂರಲ್ಲ?" ಕೊನೆಗೂ ಕೇಳಿಬಿಟ್ಟರು.

"ಎಲ್ಲಿ ಕೂರಲಿ?" ಎಂದಳು ಅವಳು.

ಮೇಷ್ಟ್ರು ತಿರುಗಿ ನೋಡಿದರು. ಬೆತ್ತದ ಕುರ್ಚಿಯ ಮೇಲೆ ವೈರಿನ ಸುರುಳಿ, ಸ್ಕ್ರೂಡ್ರೈವರು, ಕಳೆದ ವರ್ಷದ ಡಬ್ಬಿ, ಅದರ ಹಿಂದಿನ ವರ್ಷದ ಡಬ್ಬಿ. ಒಂದೊಂದಾಗಿ ನೆಲಕ್ಕಿಳಿಸಿ, ಹೆಗಲ ಮೇಲಿನ ಟವೆಲಿನಿಂದ ಧೂಳು ಒರೆಸಿದರು. ಅವಳು ಕೂತಳು.

ಹಾಡು ಶುರುವಾಯಿತು. ಹನ್ನೊಂದು ವರ್ಷದಿಂದ ಪ್ರತಿ ಡಬ್ಬಿಯ ಪರೀಕ್ಷೆಗೂ ಅವರು ಹಾಕುತ್ತಿದ್ದ ಹಾಡು ಅದೇ. ಒಂದು ನಿಮಿಷ ಆಗುವಷ್ಟರಲ್ಲಿ ಕೈ ತಾನಾಗಿಯೇ ವೈರಿನತ್ತ ಹೊರಟಿತು. ಅವಳು ಮಣಿಕಟ್ಟು ಹಿಡಿದುಕೊಂಡಳು.

"ಸುಮ್ನೆ ಕೂತ್ಕೊಳ್ರೀ. ಇನ್ನೂ ಇದೆ."

ಕಾಲು ಕುಣಿಯಿತು, ಕತ್ತು ತುರಿಸಿತು. ಒಂದು ಚರಣ ಮುಗಿಯಿತು, ಇನ್ನೊಂದೂ ಮುಗಿಯಿತು. ಹಾಡುವವಳು ನಿಲ್ಲಿಸಿದ ಮೇಲೆ ಒಂದು ಕೊಳಲು ಒಂಟಿಯಾಗಿ ಬಂತು.

"ಇದೇನೇ, ಈ ಕೊಳಲು ಇದ್ರಲ್ಲಿ ಇತ್ತಾ?"

"ಮೊದಲಿಂದ್ಲೂ ಇದೆ. ನೀವು ಕೆಲಸಕ್ಕೆ ಹೋದ್ಮೇಲೆ ಹಾಕ್ಕೊಂಡು, ಇಲ್ಲೇ ನಿಂತ್ಕೊಂಡು ಕೇಳ್ತೀನಿ. ನೀವಿದ್ರೆ ಇಲ್ಲಿವರೆಗೂ ಬಿಡಲ್ವಲ್ಲ."

ಕೊಳಲು ನಿಲ್ಲುವವರೆಗೂ ಅವಳು ಕೈ ಬಿಡಲಿಲ್ಲ, ಇವರು ಬಿಡಿಸಿಕೊಳ್ಳಲೂ ಇಲ್ಲ.

ಶನಿವಾರ ಗೆಳೆಯ, "ಯಾವುದು ಗೆದ್ದಿತಪ್ಪಾ?" ಎಂದು ಕೇಳಿದ. ಮೇಷ್ಟ್ರು ಬರುವಾಗ ಕೈಗೆ ಸಿಕ್ಕಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಸಂಜೆಯಾಯ್ತು, ಮನೇಲಿ ಕಾಯ್ತಿರ್ತಾಳೆ" ಎಂದವರೇ ಚಪ್ಪಲಿ ಮೆಟ್ಟಿದರು.