ಲೆಕ್ಕ ಸರಿಯಾಗುವವರೆಗೆ

ನಮ್ಮ ಮಾವ ಜೈಲಿನಲ್ಲಿ ವಾರ್ಡರ್ ಆಗಿದ್ದವರು. ಮೂವತ್ತೊಂದು ವರ್ಷ ಕೈದಿಗಳನ್ನು ಎಣಿಸಿ, ಬೀಗ ಹಾಕಿ, ಬೀಗ ತೆಗೆದು ನಿವೃತ್ತರಾದರು. ನಿವೃತ್ತಿ ಕಾಗದದ ಮೇಲೆ ಮಾತ್ರ. ಮಾರನೆಯ ದಿನದಿಂದಲೇ ಅವರಿಗೆ ಎಣಿಸಲು ನಾವು ಸಿಕ್ಕಿದೆವು.

ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ಆರೂವರೆಗೆ ಒಮ್ಮೆ. ನಡುಮನೆಯಲ್ಲಿ ನಿಂತು ಒಬ್ಬೊಬ್ಬರತ್ತ ಗದ್ದ ಆಡಿಸುತ್ತ ಎಣಿಸುತ್ತಾರೆ. ಅತ್ತೆ ಒಂದು, ನನ್ನ ಗಂಡ ಎರಡು, ನಾನು ಮೂರು, ನನ್ನ ಮಗಳು ನಾಲ್ಕು. "ನಾಲ್ಕು, ಸರಿ" ಎಂದು ತಮಗೆ ತಾವೇ ಹೇಳಿಕೊಂಡು ಬೆಳಿಗ್ಗೆ ಮುಂಬಾಗಿಲಿನ ಬೀಗ ತೆಗೆಯುತ್ತಾರೆ, ಸಂಜೆ ಹಾಕುತ್ತಾರೆ. ಕೀಲಿಗೊಂಚಲು ಸೊಂಟದಲ್ಲೇ ಇರಬೇಕು. ನಾನು ಬಚ್ಚಲಿನಲ್ಲಿದ್ದರೆ ಬಾಗಿಲು ತಟ್ಟಿ "ಮೂರು?" ಎಂದು ಕೇಳುತ್ತಾರೆ. ಮೈಗೆಲ್ಲ ಸೋಪು ಹಚ್ಚಿಕೊಂಡು ನಾನು "ಹೂಂ ಮಾವ, ಮೂರು" ಎಂದು ಕೂಗಬೇಕು. ಮೊದಮೊದಲು ತಮಾಷೆ ಎಂದುಕೊಂಡಿದ್ದೆ. ಒಂಬತ್ತು ವರ್ಷ ನಡೆದ ತಮಾಷೆಗೆ ಯಾರು ನಗುತ್ತಾರೆ?

ತಮ್ಮನ್ನು ಮಾತ್ರ ಎಣಿಸಿಕೊಳ್ಳುವುದಿಲ್ಲ. ವಾರ್ಡರ್ ಲೆಕ್ಕಕ್ಕೆ ಬರುವುದಿಲ್ಲವಂತೆ.

ನನ್ನ ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾರೆ. ನಲವತ್ತು ದಾಟಿದ ಗಂಡಸು, ಆರೂವರೆಯೊಳಗೆ ಮನೆ ಸೇರಲು ಬಸ್ಸಿಳಿದು ಏದುಸಿರು ಬಿಡುತ್ತ ಓಡಿ ಬರುತ್ತಾರೆ. ಅಪ್ಪನಿಗೆ ಒಂದು ಮಾತು ಹೇಳಬಾರದೇ ಎಂದರೆ, ಅಪ್ಪ ಇರೋದೇ ಹಾಗೆ ಎಂದು ಪೇಪರ್ ಅಡ್ಡ ಹಿಡಿಯುತ್ತಾರೆ. ನಾನು ಹೋಗುವ ಹೊಲಿಗೆ ಅಂಗಡಿಯಲ್ಲಿ, ಶಾಲೆ ಶುರುವಾಗುವ ಮುಂಚೆ ಯೂನಿಫಾರ್ಮ್ ರಾಶಿ ಬಿದ್ದಿರುತ್ತದೆ. ಉಳಿದವರು ಎಂಟರವರೆಗೆ ಹರಟುತ್ತ ಹೊಲಿಯುತ್ತಾರೆ. ನಾನು ಮಾತ್ರ ಅರ್ಧ ಹೊಲಿದ ತೋಳನ್ನು ಮಿಷನ್ನಿನಲ್ಲೇ ಬಿಟ್ಟು ಎದ್ದು ಬರುತ್ತೇನೆ.

ಮಾವ ಕೆಟ್ಟವರಾಗಿದ್ದರೆ ಸುಲಭವಿತ್ತು, ಜಗಳ ಆಡಬಹುದಿತ್ತು. ನನಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುವವರು ಅವರೇ. ಮೊಮ್ಮಗಳ ಶಾಲೆಯ ಚೀಲ ಹೊರುವವರೂ ಅವರೇ. ಇಂಥವರ ಮೇಲೆ ಹಲ್ಲು ಕಡಿಯಬಹುದೇ ಹೊರತು ಬಾಯಿ ಮಾಡಲಾಗುವುದಿಲ್ಲ.

ಅತ್ತೆಯ ಅಕ್ಕ ಇರುವುದು ಬಸ್ಸಿನಲ್ಲಿ ಏಳು ಗಂಟೆ ದೂರ. ಹೋಗಿ ಸಂಜೆಯ ಲೆಕ್ಕಕ್ಕೆ ವಾಪಸು ಬರುವುದು ಆಗದ ಮಾತು. ಹಾಗಾಗಿ ಈ ಒಂಬತ್ತು ವರ್ಷದಲ್ಲಿ ಅತ್ತೆ ಅಕ್ಕನ ಮನೆಯಲ್ಲಿ ಒಂದು ರಾತ್ರಿಯೂ ಉಳಿದಿಲ್ಲ. ಕೇಳಿದಾಗಲೆಲ್ಲ ಮಾವನ ಉತ್ತರ ಒಂದೇ, "ನೋಡೋಣ." ಬೇಡ ಎಂದಿದ್ದರೆ ಅತ್ತೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದರೇನೋ. ಈ ನೋಡೋಣ ಎಂಬುದು ಮನುಷ್ಯರನ್ನು ಅಳಲೂ ಬಿಡುವುದಿಲ್ಲ.

ಹೋದ ತಿಂಗಳು ಆ ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ಒಂಟಿ ಹೆಂಗಸು, ಎಂಟು ದಿನ ಹೊತ್ತು ಹೊತ್ತಿಗೆ ಔಷಧಿ ಬಿಡಲು ಯಾರಾದರೂ ಬೇಕು. ಮಾವ ಚಹಾ ಕುಡಿಯುವಾಗ ಅತ್ತೆ ಕೇಳಿದರು. ಊಟಕ್ಕೆ ಕೂತಾಗ ಕೇಳಿದರು. ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯ ಪಕ್ಕ ನಿಂತು ಕೇಳಿದರು. ಮೂರು ಸಲವೂ ನೋಡೋಣ. ನಾಲ್ಕನೆಯ ಸಲ ಅತ್ತೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಲೆಕ್ಕಕ್ಕೆ ನಿಂತಾಗ ಅತ್ತೆಯ ಕಾಲಲ್ಲಿ ಚಪ್ಪಲಿ ಇತ್ತು. ನಾನು ನೋಡಿದೆ, ನನ್ನ ಮಗಳೂ ನೋಡಿದಳು. ಮಾವ ತಲೆ ಎಣಿಸುವವರು, ಕಾಲು ನೋಡುವವರಲ್ಲ. "ನಾಲ್ಕು, ಸರಿ" ಎಂದು ಬೀಗ ತೆಗೆದು ಹಿತ್ತಲಿಗೆ ಹಲ್ಲುಜ್ಜಲು ಹೋದರು. ಅತ್ತೆ ಗ್ಯಾಸ್ ಸಿಲಿಂಡರಿನ ಹಿಂದಿನಿಂದ ಚೀಲ ಎಳೆದುಕೊಂಡು, ಎಂಟು ದಿನ ಔಷಧಿ ಬಿಟ್ಟು ಬರುತ್ತೇನೆ, ಸಂಜೆಯವರೆಗೆ ಅವರಿಗೆ ಹೇಳಬೇಡ ಎಂದು ನನಗೆ ಹೇಳಿ ಹೊರಟೇಬಿಟ್ಟರು. ಹಗಲು ಯಾರು ಎಲ್ಲಿಗೆ ಹೋದರೂ ಮಾವ ವಿಚಾರಿಸುವುದಿಲ್ಲ. ಸಂಜೆ ಲೆಕ್ಕಕ್ಕೆ ಸಿಕ್ಕರೆ ಸಾಕು.

ಸಂಜೆ ಲೆಕ್ಕ ಮೂರಕ್ಕೇ ನಿಂತಿತು. ಮತ್ತೆ ಎಣಿಸಿದರು. ಅಡುಗೆಮನೆಯ ಬಾಗಿಲ ಹಿಂದೆ ಇಣುಕಿದರು. ನಾನು ವಿಷಯ ಹೇಳಿದೆ. ಯಾರ ಅಪ್ಪಣೆ ತಗೊಂಡಳು ಎಂದು ಕೇಳಿದರು. ಅರವತ್ತು ದಾಟಿದ ಹೆಂಗಸಿಗೆ ಅಪ್ಪಣೆಯೇ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅಪ್ಪ, ಬೀಗ ಹಾಕಲಾ ಎಂದು ನನ್ನ ಗಂಡ ಮೆಲ್ಲಗೆ ಕೇಳಿದರು.

"ಲೆಕ್ಕ ಸರಿಯಾಗದೆ ಬೀಗ ಹಾಕೋ ಹಾಗಿಲ್ಲ. ಡ್ಯೂಟಿಯಲ್ಲಿರೋನು ಜಾಗ ಬಿಟ್ಟು ಏಳೋ ಹಾಗೂ ಇಲ್ಲ" ಎಂದರು ಮಾವ.

ಅದು ಅವರ ಜೈಲಿನ ನಿಯಮ. ಕುರ್ಚಿ ಎಳೆದು ತೆರೆದ ಬಾಗಿಲ ಒಳಗೆ ಹಾಕಿಕೊಂಡು ಕೂತರು. ಅಂದಿನಿಂದ ಬಚ್ಚಲಿಗೆ ಬಿಟ್ಟರೆ ಏಳಲಿಲ್ಲ. ಊಟದ ತಟ್ಟೆ ತೊಡೆಯ ಮೇಲೆ, ನಿದ್ದೆ ಅಲ್ಲೇ ಕೂತಲ್ಲೇ. ಅತ್ತೆ ರಜದ ಮೇಲೆ ಹೋಗಿದ್ದಾರೆ ಎಂದುಕೊಳ್ಳಿ, ಲೆಕ್ಕ ಮೂರಕ್ಕೇ ಸರಿಹೋಗುತ್ತದೆ, ಹಾಸಿಗೆಯಲ್ಲಿ ಮಲಗಿ ಮಾವ ಎಂದು ಗಂಟಲು ಹರಿದುಕೊಂಡೆ. ರಜ ನಾನು ಕೊಟ್ಟಿಲ್ಲವಲ್ಲಮ್ಮ ಎಂದರು. ಫೋನು ಪಕ್ಕದಲ್ಲೇ ಇತ್ತು. ಆಯ್ತು, ಇದ್ದು ಬಾ ಎಂದು ಹೆಂಡತಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತಿನ ಬದಲು ಈ ಮನುಷ್ಯ ಕಾಲು ಊದಿಸಿಕೊಂಡು ಕೂತರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಆದರೆ ಬಾಗಿಲು ತೆರೆದೇ ಇತ್ತು. ಎರಡನೆಯ ದಿನ ನನ್ನ ಮಗಳು ಏಳು ಗಂಟೆಗೆ ಬೀದಿದೀಪದ ಕೆಳಗೆ ಕುಂಟೆಬಿಲ್ಲೆ ಆಡಿ ಬಂದಳು. ಮೂರನೆಯ ದಿನ ನನ್ನ ಗಂಡ ಬಸ್ಸಿಳಿದು ನಡೆದು ಬಂದರು. ಐದನೆಯ ದಿನ ನಾನೂ ಎಂಟರವರೆಗೆ ಹೊಲಿದೆ. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ. ಮನೆಗೆ ಬಂದಾಗ ಮಾವ ಕುರ್ಚಿಯಿಂದ ತಲೆಯೆತ್ತಿ ನೋಡಿ, ಮತ್ತೆ ಬೀದಿಯತ್ತ ತಿರುಗಿದರು. ಅವರನ್ನು ಹಾಗೆ ನೋಡಿ ನನಗೆ ನಾಚಿಕೆಯಾಯಿತು. ನಾಚಿಕೆಯಾಯಿತಲ್ಲ ಎಂದು ಮತ್ತೆ ಸಿಟ್ಟೂ ಬಂತು.

ಒಂಬತ್ತನೆಯ ಸಂಜೆ ಅತ್ತೆ ಬಂದರು. ಸೌಟು ಹಿಡಿದೇ ಓಡಿಬಂದ ನನ್ನ ಇನ್ನೊಂದು ಕೈಗೆ ಚೀಲ ಕೊಟ್ಟು, ಬಾಗಿಲಲ್ಲಿ ಎದ್ದು ನಿಂತ ಗಂಡನನ್ನು ನೋಡಿದರು. ಅವರ ಗಡ್ಡ ಬೆಳೆದಿತ್ತು, ಕೀಲಿ ಆಗಲೇ ಕೈಗೆ ಬಂದಿತ್ತು. ಅತ್ತೆ ಹೊಸ್ತಿಲು ದಾಟಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಒಳಗೆ ಬಾ" ಎಂದರು ಮಾವ.

"ಬಂದ್ರೆ ಲೆಕ್ಕ ಸರಿಯಾಗುತ್ತೆ. ನೀವು ಬೀಗ ಹಾಕ್ತೀರಿ."

"ಹಾಕಬೇಕಲ್ಲ. ಎಂಟು ದಿನದಿಂದ ಹಾಕಿಲ್ಲ."

"ಅದಕ್ಕೇ ಇಲ್ಲಿ ಕೂತೆ. ಇಷ್ಟು ವರ್ಷ ಕೇಳಿದ್ದು ಸಾಕು. ಇನ್ಮೇಲೆ ನಾನು ಹೇಳಿ ಹೋಗ್ತೀನಿ, ಕೇಳಿ ಹೋಗಲ್ಲ. ನೀವು ಹೂಂ ಅಂದ್ರೆ ಒಳಗೆ ಬರ್ತೀನಿ."

"ನೋಡೋಣ" ಎಂದರು ಮಾವ.

ಕೈಯಲ್ಲಿದ್ದ ಸೌಟು ಎಸೆಯಬೇಕೆನಿಸಿತು ನನಗೆ.

"ನೋಡಿ. ನಾನು ಇಲ್ಲೇ ಇರ್ತೀನಿ" ಎಂದರು ಅತ್ತೆ.

ಮಾವ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿಗೆ ಮರಳಿದರು. ಅರ್ಧ ಗಂಟೆ ಹೀಗೇ ಹೋಯಿತು, ಒಬ್ಬರು ಒಳಗೆ, ಒಬ್ಬರು ಹೊರಗೆ. ಆಮೇಲೆ ಮಾವ ಗೋಡೆ ಹಿಡಿದು ಎದ್ದರು. ಬೀಗ ಹಾಕುವ ಹೊತ್ತು ಮೀರಿದ ಮೇಲೆ ಅವರು ಆ ಹೊಸ್ತಿಲು ದಾಟಿದ್ದನ್ನು ನಾನು ಈ ಒಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ದಾಟಿದರು. ಊದಿದ ಕಾಲು ಚಾಚಿ ಅತ್ತೆಯ ಪಕ್ಕ ಕೂತರು. ಕೀಲಿಗೊಂಚಲು ಸೊಂಟಕ್ಕೆ ಚುಚ್ಚಿರಬೇಕು, ತೆಗೆದು ಇಬ್ಬರ ನಡುವೆ ಇಟ್ಟರು.

"ನಿಮ್ಮಕ್ಕನ ಕಣ್ಣು ಹೇಗಿದೆ?"

"ಕಾಣ್ತಿದೆ" ಎಂದರು ಅತ್ತೆ.

ಮಾವ ಬೀದಿಯನ್ನು ನೋಡುತ್ತ, ಹೂಂ, ಹೇಳಿಯೇ ಹೋಗು ಎಂದರು. ಅತ್ತೆ ತಲೆಯಾಡಿಸಿದರು, ಆದರೆ ಏಳಲಿಲ್ಲ. ಮಾವನೂ ಏಳಲಿಲ್ಲ.

ಊಟ ಆರಿಹೋಗುತ್ತಿದೆ, ಇಬ್ಬರೂ ಬನ್ನಿ ಎಂದು ನಾನು ಬಾಗಿಲಿಗೆ ಬಂದು ಕರೆದೆ.

"ಬರ್ತೀವಿ ಹೋಗಮ್ಮ. ಈ ಹೊತ್ತಲ್ಲಿ ಹೊರಗೆ ಎಷ್ಟು ಚೆನ್ನಾಗಿ ಗಾಳಿ ಬರುತ್ತೆ, ನಮಗೆ ಗೊತ್ತೇ ಇರಲಿಲ್ಲ ನೋಡು" ಎಂದರು ಮಾವ.

ನಮಗೆ, ಅಂತೆ.