ಒಂದೇ ದಿನ ಬಂದ ಒಂಬತ್ತು ದಿನಗಳ ಮಳೆ

ಅಂದು 2022ರ ಜೂನ್ 14, ಮಂಗಳವಾರ. ನನ್ನ ದಿನಚರಿಯನ್ನೂ ಕಂಪ್ಯೂಟರಿನಲ್ಲಿ ಉಳಿದಿರುವ ಕಡತವನ್ನೂ ತಾಳೆ ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಕಾಫಿ ಸಂಶೋಧನೆಯಿಂದ ನಿವೃತ್ತನಾದ ನಾನು, ಎಸ್ಟೇಟುಗಳಿಂದ ಹಿಂದೆ ಇ-ಮೇಲ್‌ನಲ್ಲಿ ಬರುತ್ತಿದ್ದ ಮಳೆಯ ಅಳತೆಗಳನ್ನು ಚಿಕ್ಕಮಗಳೂರಿನ ಮನೆಯಲ್ಲಿ ಕುಳಿತು ಪುಸ್ತಕವಾಗಿಸುತ್ತಿದ್ದೆ. ಕರಡನ್ನು ಅಳತೆ ಕಳಿಸಿದವರಿಗೆಲ್ಲ ತಲುಪಿಸಿದ್ದೆ.

ಹನ್ನೊಂದರ ಹೊತ್ತಿಗೆ ಕಳಸದಿಂದ ಮಂಜಪ್ಪನವರು ಬಂದರು. ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ದಿನವೂ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ನನಗೆ ಬರೆಯುತ್ತಿದ್ದರು. ಕೊಡೆ ಮಡಿಸುತ್ತಲೇ ಕೇಳಿದರು: "ಸಾರ್, ಎಲ್ಲರ ಮಳೆಯೂ ಇದೆ. 2018ರ ಜುಲೈಯಲ್ಲಿ ನನ್ನ ಒಂಬತ್ತು ದಿನದ್ದು ಎಲ್ಲಿ ಹೋಯ್ತು?"

"ಆ ಒಂಬತ್ತೂ ಪತ್ರ ಒಂದೇ ಮಧ್ಯಾಹ್ನ ಬಂದಿವೆ, ಮಂಜಪ್ಪನವರೇ. ಒಟ್ಟಿಗೆ ಕೂತು ಬರೆದದ್ದು ಎಂದುಕೊಂಡೆ."

ಅವರ ಮುಖ ಸಪ್ಪಗಾಯಿತು. "ಟವರ್ ಹೋಗಿತ್ತು ಸಾರ್. ದಿನಾ ಬರೆದು ಒತ್ತಿದ್ದೆ, ಅದು ಹೋಗದೆ ಒಳಗೇ ಕೂತಿತ್ತು. ನೋಡದ ಮಳೆನ ನಾನು ಬರೆಯೋನಲ್ಲ."

ಪತ್ರಗಳನ್ನು ದಿನಾಂಕದಂತೆ ಜೋಡಿಸಲು ನಾನೊಂದು ಮ್ಯಾಕ್ರೊ, ಅಂದರೆ ಕಂಪ್ಯೂಟರ್ ಪಾಲಿಸಬೇಕಾದ ಆದೇಶಗಳ ಸಾಲು, ಬರೆದಿಟ್ಟಿದ್ದೆ. ಅದು ನೋಡುತ್ತಿದ್ದುದು ಪತ್ರ ನನಗೆ ತಲುಪಿದ ಹೊತ್ತನ್ನು. ಅದನ್ನು ತಿದ್ದಿ, ಅವರು ಕಳಿಸಲು ಒತ್ತಿದ ಹೊತ್ತಿನಂತೆ ಜೋಡಿಸಲು ಹೇಳಿದೆ. ಮೂರು ಸಲ ಓಡಿಸಿದರೂ ಹಳೆಯ ಕ್ರಮವೇ ಬಂತು.

"ಅದಕ್ಕೆ ಏನಂತ ಹೇಳಿದೀರಿ?" ಎಂದರು ಮಂಜಪ್ಪನವರು. ಓದಿ ಹೇಳಿದೆ: ಇ-ಮೇಲ್ ಪೆಟ್ಟಿಗೆಯ ಪತ್ರಗಳನ್ನು ಜೋಡಿಸು, ಆಮೇಲೆ ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆದು ತೋರಿಸು.

ಅವರು ನಕ್ಕೇಬಿಟ್ಟರು. "ಅಯ್ಯೋ ಮಾರಾಯ್ರೇ, ಆರಿಸಿದ ಕಾಫಿ ಬೀಜನ ಬಿಟ್ಟು, ಮತ್ತೆ ರಾಶಿಗೇ ಕೈ ಹಾಕಿದ್ರೆ ಏನು ಬಂತು? ಆರಿಸಿದ್ದನ್ನ ಮೊರದಲ್ಲಿ ಬೇರೆ ಇಟ್ಕೊಳ್ಳಿ!"

ತಪ್ಪು ಅಲ್ಲೇ ಇತ್ತು. ಜೋಡಿಸಿದ ಗುಂಪಿಗೆ ಪ್ರತ್ಯೇಕ ಹೆಸರು ಕೊಟ್ಟು ಅದರಿಂದಲೇ ಓದಿಸಿದೆ. ಒಂಬತ್ತು ದಿನ, ಒಂಬತ್ತು ಬೆಳಗು ಸಾಲಾಗಿ ಬಂದವು: 8.34, 8.37, 8.33... ಒಂದು ಮಾತ್ರ 9.10.

"ಅವತ್ತು ಕಾಲಿಗೆ ಕಚ್ಚಿ ರಕ್ತ ಹೀರ್ತಿದ್ದ ಇಂಬಳ ಕಿತ್ಕೊಳ್ತಾ ತಡವಾಯ್ತು," ಎಂದರು ಸಂಕೋಚದಿಂದ.

ನಾನು ಕ್ಷಮೆ ಕೇಳಿ ಒಂಬತ್ತು ಅಳತೆಗಳನ್ನೂ ಅವರೆದುರೇ ಕರಡಿಗೆ ಸೇರಿಸಿದೆ. "ಮಳೆ ಸಿಕ್ತಲ್ಲ, ಸಾಕು ಸಾರ್," ಎಂದು ಕಾಫಿ ಕುಡಿದು ಹೊರಟರು.

ಅದೇ ಜುಲೈಯ ನಂತರ ಅವರ ಅಳತೆಗಳಿಲ್ಲ. "ಮಂಜಪ್ಪನವರು ತಾವಾಗಿಯೇ ನಿಲ್ಲಿಸಿದರು" ಎಂದು ಕರಡಿನ ಅಡಿಟಿಪ್ಪಣಿಯಲ್ಲಿ ಬರೆದಿದ್ದೆ. ನನ್ನ ನೆನಪೂ ಹಾಗೆಯೇ ಇತ್ತು. ಅವರನ್ನು ಬಸ್ಸು ಹತ್ತಿಸಿ ಬಂದು, ನಾನು ಕಳಿಸಿದ್ದ ಪತ್ರಗಳ ಮೇಲೂ ಅದೇ ಮ್ಯಾಕ್ರೊ ಓಡಿಸಿದೆ. 2018ರ ಆಗಸ್ಟ್ 2ರಂದು ನಾನು ಅವರಿಗೆ ಬರೆದ ಒಂದೇ ಸಾಲು ಸಿಕ್ಕಿತು: "ಇನ್ನು ಮುಂದೆ ನಿಮ್ಮ ಅಳತೆ ಕಳಿಸುವುದು ಬೇಡ."

ಆ ಅಡಿಟಿಪ್ಪಣಿಯನ್ನು ಓದಿಕೊಂಡೇ ಅವರು ಅಂದು ನನ್ನ ಮನೆಗೆ ಬಂದಿದ್ದರು.