ಇಲ್ಲದ ಪದರ

ನಾನು ಭೂವಿಜ್ಞಾನ ತೆಗೆದುಕೊಂಡದ್ದು ಕಲ್ಲಿನ ಮೇಲಿನ ಪ್ರೀತಿಯಿಂದಲ್ಲ. ಹೊಸಪೇಟೆಯಲ್ಲಿ ಆ ವಿಷಯ ಓದಿದವರಿಗೆ ಸಂಡೂರು ಕಡೆಯ ಗಣಿಗಳಲ್ಲಿ ಕೆಲಸ ಸಿಗುತ್ತಿತ್ತು. ಅಪ್ಪ ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ಮಗಳು ಗಣಿ ಕಂಪನಿ ಸೇರಿದರೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಮಾಡಬಹುದು ಎಂಬುದಷ್ಟೇ ಅವರ ಲೆಕ್ಕ. ನನ್ನದೂ ಅಷ್ಟೇ ಇತ್ತು.

ಅದು ಬದಲಾದದ್ದು ಯಶವಂತನಗರದ ಆಚೆಯ ಒಂದು ಗುಡ್ಡದ ಮೇಲೆ. ಎಂ.ಎಸ್ಸಿ. ಮೊದಲ ವರ್ಷದ ಪ್ರವಾಸ. ನಮ್ಮನ್ನು ಕರೆದುಕೊಂಡು ಹೋದವರು ನಾವೆಲ್ಲ ಬರೀ ಮೇಡಂ ಎನ್ನುತ್ತಿದ್ದ ಅಧ್ಯಾಪಕಿ. ಐವತ್ತರ ಆಸುಪಾಸಿನ ವಯಸ್ಸು, ಹಣೆಯಲ್ಲಿ ವಿಭೂತಿ, ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು. ಕಂಪ್ಲಿಯ ರೈಸ್ ಮಿಲ್ ಮನೆತನದ ಹೆಣ್ಣುಮಗಳು. ಮದುವೆಯಾಗಿರಲಿಲ್ಲ, ಹೊಸಪೇಟೆಯಲ್ಲಿ ಒಬ್ಬರೇ ಮನೆ ಮಾಡಿಕೊಂಡಿದ್ದರು. ಕೆಳಗೆ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಒಬ್ಬ ಸಹಪಾಠಿ ಕೇಳಿದ:

"ಮೇಡಂ, ಒಂದು ಕಾಲ ಮುಗೀತು, ಇನ್ನೊಂದು ಶುರು ಆತು ಅಂತ ಪುಸ್ತಕದಾಗ ಗೆರಿ ಹೊಡದಾರಲ್ರಿ. ಆ ಗೆರಿ ಇಲ್ಲಿ ಎಲ್ಲೈತ್ರಿ?"

"ಇಲ್ಲಿ ಹಂಗ ಗೆರಿ ಹಾಕಾಕ ಬರೂದಿಲ್ಲಪ್ಪ. ಈ ಕಲ್ಲು ಭಾಳ ಹಳೇವು. ಆವಾಗ ಚಿಪ್ಪಿಲ್ಲ, ಎಲುಬಿಲ್ಲ. ಗೆರಿ ಹಾಕಬೇಕಂದ್ರ ಗುರುತು ಬೇಕಲ್ಲ? ಯಾವುದಾರ ಒಂದು ಜೀವಿ ಮೊದಲನೇ ಸಲ ಕಾಣಿಸಿಕೊಳ್ಳೋ ಪದರ ಸಿಗಬೇಕು. ಅದರ ಕೆಳಗಿಂದು ಒಂದು ಕಾಲ, ಅಲ್ಲಿಂದ ಮ್ಯಾಲಿಂದು ಇನ್ನೊಂದು."

"ಅಂಥಾ ಪದರ ಎಲ್ಲಿ ಸಿಗ್ತಾವ್ರಿ?" ಎಂದು ಕೇಳಿದವಳು ನಾನು.

"ಸಮುದ್ರ ಇದ್ದಲ್ಲಿ," ಎಂದರು ಮೇಡಂ. "ಒಮ್ಮೆ ಮನಿಗೆ ಬಾ, ತೋರಿಸ್ತೀನಿ."

ಅವರ ಮನೆಯ ಹಿತ್ತಿಲಲ್ಲಿ, ತಮ್ಮನ ಮಿಲ್ಲಿನಿಂದ ತಂದ ಅಕ್ಕಿ ಚೀಲಗಳಲ್ಲಿ, ತಮಿಳುನಾಡಿನ ಅರಿಯಲೂರು ಕಡೆಯ ಕಲ್ಲು ತುಂಬಿತ್ತು. ಡೈನೋಸಾರ್‌ಗಳ ಕಾಲದ ಕೊನೆಯ ಭಾಗದಲ್ಲಿ ಅಲ್ಲಿಯ ನೆಲ ಕಡಲಿನಡಿ ಇತ್ತು. ಆ ಕಡಲ ತಳದಲ್ಲಿ ಕೂತ ಕೆಸರು ಪದರ ಪದರವಾಗಿ ಮೆತ್ತನೆಯ ಸುಣ್ಣಕಲ್ಲಾಗಿದೆ. ಮೇಡಂ ಅದನ್ನು ಸೋಡಾ ಕಲಸಿದ ನೀರಿನಲ್ಲಿ ನೆನೆಹಾಕಿ, ಸಣ್ಣ ಜರಡಿಯಲ್ಲಿ ತೊಳೆದು, ಒಣಗಿಸಿ, ಉಳಿದ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದರು. ನಾನು ಬಗ್ಗಿ ನೋಡಿದೆ. ಬರಿಗಣ್ಣಿಗೆ ರವೆಯಂತಿದ್ದದ್ದು ಅಲ್ಲಿ ಸುರುಳಿ ಸುರುಳಿ ಚಿಪ್ಪುಗಳಾಗಿ ಬಿದ್ದಿತ್ತು. ಒಂದೊಂದೂ ಒಂದು ಜೀವಿಯ ಮನೆ. ಫೊರಾಮಿನಿಫೆರಾ ಎಂದು ಪುಸ್ತಕದಲ್ಲಿ ಓದಿದ್ದ ಹೆಸರು, ಕಂಡದ್ದು ಅವತ್ತೇ. ತಲೆ ಎತ್ತುವಷ್ಟರಲ್ಲಿ ಕತ್ತು ನೋಯುತ್ತಿತ್ತು. ನಾನು ಗಣಿ ಸೇರಲಿಲ್ಲ, ಮೇಡಂ ಕೈಕೆಳಗೆ ಸಂಶೋಧನೆಗೆ ಸೇರಿದೆ. ಅಪ್ಪ ಕೆಲವು ದಿನ ಸರಿಯಾಗಿ ಮಾತಾಡಲಿಲ್ಲ.

ಮೇಡಂ ಹರೆಯದಿಂದಲೂ ಹಿಡಿದುಕೊಂಡಿದ್ದ ಕೆಲಸ ಒಂದೇ. ಅರಿಯಲೂರು ಕಡೆಯ ಒಂದು ಒಣಹಳ್ಳದ ದಂಡೆಯಲ್ಲಿ ಎರಡು ಕಾಲಹಂತಗಳ ನಡುವಿನ ಗಡಿಯನ್ನು ಅವರು ಗುರುತಿಸಿದ್ದರು. ಇಂಥ ಗಡಿಗೆ ಲೋಕಕ್ಕೆಲ್ಲ ಸೇರಿ ಒಂದೇ ಒಂದು ಜಾಗವನ್ನು ಅಳತೆಗೋಲಾಗಿ ಒಪ್ಪಿಕೊಳ್ಳುತ್ತಾರೆ. ಅದು ದೂರದೇಶದಲ್ಲಿತ್ತು. ನಮ್ಮ ಕಡೆಯ ಕಡಲುಗಳಿಗೆ ಅದರ ಜೊತೆಗುರುತಾಗಿ ಈ ಹಳ್ಳದ ದಂಡೆಯನ್ನು ಒಪ್ಪಬೇಕು ಎಂಬುದು ಮೇಡಂ ವಾದ. ಅದಕ್ಕೊಂದು ಕಟ್ಟುನಿಟ್ಟಿನ ಷರತ್ತಿತ್ತು. ಗಡಿಯ ಕೆಳಗಿನಿಂದ ಮೇಲಿನವರೆಗೆ ಪದರಗಳು ಎಲ್ಲೂ ತುಂಡಾಗಿರಬಾರದು. ನಡುವೆ ಕೆಸರು ಕೂರುವುದು ನಿಂತಿದ್ದರೆ, ಅಥವಾ ಕೂತದ್ದು ಕೊಚ್ಚಿಹೋಗಿದ್ದರೆ, ಅಷ್ಟು ಕಾಲದ ದಾಖಲೆಯೇ ಅಲ್ಲಿರುವುದಿಲ್ಲ. ಆಮೇಲೆ ಗಡಿ ಇಂಥ ಕಡೆಯೇ ಎನ್ನಲು ಬರುವುದಿಲ್ಲ. ತಮ್ಮ ಜಾಗದಲ್ಲಿ ಪದರಗಳು ಸಲೀಸಾಗಿ ಮುಂದುವರಿದಿವೆ ಎಂದು ಮೇಡಂ ವರ್ಷಗಟ್ಟಲೆ ಬರೆದಿದ್ದರು. ಕೊನೆಗೆ ತಜ್ಞರ ಸಮಿತಿಯೊಂದು ಸಂಕ್ರಾಂತಿಯ ನಂತರ ಬಂದು ನೋಡುವುದಾಗಿ ಒಪ್ಪಿತು. ಆ ಸುದ್ದಿ ಬಂದ ದಿನ ಮೇಡಂ ಇಡೀ ವಿಭಾಗಕ್ಕೆ ಮಿರ್ಚಿ ಮಂಡಕ್ಕಿ ತರಿಸಿದ್ದರು.

ಆ ವರ್ಷವೇ ಅವರಿಗೆ ಬೆನ್ನಿನ ಆಪರೇಷನ್ ಆಯಿತು. ಸಮಿತಿ ಬರುವ ಮುಂಚೆ ಜಾಗವನ್ನು ಸ್ವಚ್ಛ ಮಾಡಿ, ಇನ್ನಷ್ಟು ಮಾದರಿ ತರಲು ನನ್ನನ್ನೂ ಇನ್ನೊಬ್ಬ ಸಂಶೋಧಕಿ ಗೆಳತಿಯನ್ನೂ ಕಳಿಸಿದರು. ಆ ಕಡೆ ಮಳೆಗಾಲ ಆಗಷ್ಟೇ ಮುಗಿದಿತ್ತು. ಹಳ್ಳ ಬಂದು ದಂಡೆ ಉದ್ದಕ್ಕೂ ಕುಸಿದಿತ್ತು. ಅದುವರೆಗೂ ಮಣ್ಣು, ಮುಳ್ಳುಕಂಟಿಯ ಹಿಂದೆ ಮುಚ್ಚಿಕೊಂಡಿದ್ದ ಹಸಿ ಕಲ್ಲು ಹೊರಗೆ ಬಿದ್ದಿತ್ತು. ಕೆಳಗೆ ಬೂದು ಬಣ್ಣದ ಪದರ, ಮೇಲೆ ಕಂದು ಪದರ. ನಾನು ಎರಡೂ ಕೂಡುವಲ್ಲಿ ಸುತ್ತಿಗೆ ಹಾಕಿ ಒಂದು ಗಟ್ಟಿ ಬಿಡಿಸಿದೆ. ಬೂದುಗಲ್ಲಿನ ತಲೆಯ ಮೇಲೆ ಪೆನ್ಸಿಲ್ ದಪ್ಪದ ತೂತುಗಳಿದ್ದವು. ತೂತಿನ ತುಂಬ ಮೇಲಿನ ಪದರದ ಕಂದು ಮರಳು.

ಅದರ ಅರ್ಥ ಇಬ್ಬರಿಗೂ ಗೊತ್ತಾಯಿತು. ಬೂದು ಕೆಸರು ಕೂತು, ಗಟ್ಟಿಯಾಗಿ ಕಲ್ಲಾಗಿತ್ತು. ಆ ಕಲ್ಲನ್ನು ಕಡಲ ಜೀವಿಗಳು ಕೊರೆದು ಬಿಲ ಮಾಡಿದ್ದವು. ಎಷ್ಟೋ ಕಾಲವಾದ ಮೇಲೆ ಕಂದು ಮರಳು ಬಂದು ಬಿಲಗಳಿಗೆ ಇಳಿದಿತ್ತು. ಎರಡರ ನಡುವೆ ಕೂರಬೇಕಾದದ್ದು ಕೂತೇ ಇರಲಿಲ್ಲ.

ಗೆಳತಿ ತೂತಿನ ಮರಳನ್ನು ಉಗುರಿನಿಂದ ಕೆರೆದು, "ಮೇಡಂಗ ಯಾರು ಹೇಳ್ತಾರ?" ಎಂದಳು.

"ನಾನ ಹೇಳ್ತೀನಿ," ಎಂದೆ. ಆ ಗಟ್ಟಿಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ರೈಲಿನಲ್ಲಿ ಊರವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮೇಡಂ ಕಿಟಕಿ ಹತ್ತಿರ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದರು. ನಾನು ಪೀಠಿಕೆ ಹಾಕಲಿಲ್ಲ. ಟವೆಲ್ ಬಿಚ್ಚಿ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕನ್ನಡಕ ತೆಗೆದು ಇನ್ನೂ ಹತ್ತಿರ ಹಿಡಿದರು.

"ಎಲ್ಲಿಂದಿದು?"

"ಗಡಿಗೆ ಹತ್ತಿಕೊಂಡೇ ಇತ್ರಿ, ಕೆಳಗಿನ ಪದರದ ತಲಿಮ್ಯಾಲೆ."

"ಒಂದ ಕಡೆನೋ?"

"ಇಲ್ರಿ. ದಂಡೆ ಕುಸದಲ್ಲೆಲ್ಲ ನೋಡಿದ್ವಿ. ಉದ್ದಕ್ಕೂ ಐತ್ರಿ."

ಅವರು ಒಂದು ತೂತಿನ ಬಾಯಿಗೆ ಕಿರುಬೆರಳ ತುದಿ ಇಟ್ಟರು. "ಕೊರದಾವ," ಎಂದರು ಮೆಲ್ಲಗೆ. "ಕಲ್ಲಾದ ಮ್ಯಾಲೆ ಕೊರದಾವ."

ನನಗೆ ತಡೆಯಲಾಗಲಿಲ್ಲ. "ಸಣ್ಣ ಅಂತರ ಇರಬಹುದ್ರಿ ಮೇಡಂ," ಎಂದೆ.

"ಇರಬಹುದು. ಸಣ್ಣದೋ ದೊಡ್ಡದೋ ಅಂತ ಇಲ್ಲಿ ಕುಂತು ಊಹೆ ಮಾಡೋದು ಬ್ಯಾಡ. ತಂದಿದ್ದನ್ನೆಲ್ಲ ತೊಳಿ. ನಡುವಿನ ಜೀವಿ ಐತೋ ಇಲ್ಲೋ ನೋಡೋಣು."

ನಡುವಿನ ಜೀವಿ ಎಂದರೆ, ಬೇರೆ ದೇಶಗಳ ಪದರಗಳಲ್ಲಿ ಗಡಿಗೆ ತುಸು ಕೆಳಗೆ ಹುಟ್ಟಿ, ತುಸು ಮೇಲಕ್ಕೆ ಇಲ್ಲವಾಗುವ ಒಂದು ಸುರುಳಿ ಚಿಪ್ಪು. ಇದು ನಮ್ಮಲ್ಲಿ ಅಪರೂಪ ಎಂದುಕೊಂಡಿದ್ದೆವು. ಈ ಸಲ ಗಡಿಯ ಕೆಳಗಿನ, ಮೇಲಿನ ಒಂದೊಂದು ಬೆರಳಗಲದ ಕಲ್ಲನ್ನೂ ಬೇರೆ ಬೇರೆ ನೆನೆಹಾಕಿ ತೊಳೆದೆವು. ಮೇಡಂ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದರು. ನೋವು ಜಾಸ್ತಿಯಾದರೆ ಎದ್ದು ಗೋಡೆಗೆ ಒರಗಿ ನಿಲ್ಲುತ್ತಿದ್ದರು, ಮತ್ತೆ ಕೂರುತ್ತಿದ್ದರು. ಕೆಳಗೆ ಹಳೆಯ ಚಿಪ್ಪುಗಳು ಧಾರಾಳವಾಗಿ ಸಿಕ್ಕವು. ಮೇಲೆ ಹೊಸವು ಸಿಕ್ಕವು. ಅವುಗಳ ಜೊತೆ ಕೆಳಗಿನಿಂದ ಕಿತ್ತು ಬಂದು ಸವೆದ ಚೂರುಗಳಿದ್ದವು. ನಡುವಿನದು ಒಂದೂ ಬರಲಿಲ್ಲ.

ಒಂದು ಸಂಜೆ ಮೇಡಂ ಪುಡಿಯ ತಟ್ಟೆ ಪಕ್ಕಕ್ಕೆ ಸರಿಸಿದರು.

"ಸಾಕು ಬಿಡವ್ವ. ಅದು ಇಲ್ಲ."

ನಾನು ಆ ಪುಡಿಯನ್ನು ಪೊಟ್ಟಣಕ್ಕೆ ಸುರಿದೆ.

"ನಂದು ಹರೇವೆಲ್ಲ ಆ ಹಳ್ಳದಾಗ ಹೋತು," ಎಂದರು. ಹಾಗೆಂದು ಎದ್ದು ಕೈಕಾಲು ತೊಳೆದು ಪೂಜೆಗೆ ಕೂತರು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ನಾನು ಹೋಗಲೂ ಆಗದೆ ಇರಲೂ ಆಗದೆ ಪಡಸಾಲೆಯಲ್ಲಿ ನಿಂತಿದ್ದೆ. ಕೊನೆಗೆ ಹೊರಗೆ ಬಂದು, "ಯಾಕ ನಿಂತಿ? ಉಂಡು ಹೋಗು," ಎಂದರು. ರೊಟ್ಟಿ, ಪುಂಡಿಪಲ್ಯ. ಇಬ್ಬರೂ ಕೂತು ಉಂಡೆವು.

ಸುದ್ದಿ ಕೇಳಿ ಕಂಪ್ಲಿಯಿಂದ ಅವರ ತಮ್ಮ ಬಂದರು. "ಅಕ್ಕಾ, ಆರಾಮಿಲ್ಲ ಅಂತ ಹೇಳಿ ಸಮಿತಿಯವ್ರಿಗೆ ಬರಬ್ಯಾಡ್ರಿ ಅಂದುಬಿಡು. ಮುಂದ ನೋಡಿಕೊಂಡ್ರಾತು," ಎಂದರು. ನನಗೂ ಒಳಗೊಳಗೆ ಅದೇ ಆಸೆ ಇತ್ತು.

"ಬರಲಿ. ಕರದಾಕಿ ನಾನು, ತೋರಸಾಕಿನೂ ನಾನ," ಎಂದರು ಮೇಡಂ.

ಸಮಿತಿಯವರಿಗೆ ಮೇಡಂ ಮೊದಲೇ ವಿಷಯ ತಿಳಿಸಿದರು. ಅವರು ಬೇರೆ ಜಾಗಗಳನ್ನೂ ನೋಡುವವರಿದ್ದರು, ಬಂದೇ ಬಂದರು. ಹಳ್ಳಕ್ಕೆ ಇಳಿಯುವಾಗ ಮೇಡಂ ಒಂದು ಕೈಯಲ್ಲಿ ಕೋಲು ಊರಿ, ಇನ್ನೊಂದರಲ್ಲಿ ನನ್ನ ಭುಜ ಹಿಡಿದಿದ್ದರು. ದಂಡೆಯ ಮುಂದೆ ನಿಂತು ತಾವು ಗಡಿ ಎಂದಿದ್ದ ಗೆರೆಯನ್ನು ತೋರಿಸಿದರು. ಆಮೇಲೆ ಅದೇ ದನಿಯಲ್ಲಿ, ಇಲ್ಲಿ ಒಂದು ಪದರ ಇಲ್ಲ, ಆದ್ದರಿಂದ ಈ ಜಾಗವನ್ನು ಕೈಬಿಡಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಗುಂಪಿನಲ್ಲಿದ್ದ ವಯಸ್ಸಾದ ವಿದೇಶಿಯೊಬ್ಬರು ಇದನ್ನು ಕಂಡುಹಿಡಿದದ್ದು ಯಾರು ಎಂದು ಕೇಳಿದರು. ಮೇಡಂ ನನ್ನ ತೋಳು ಹಿಡಿದು ಮುಂದಕ್ಕೆ ತಂದರು. ಆ ವಿದೇಶಿ ಮಂಡಿಯೂರಿ ಕೂತು ಆ ತೂತುಗಳನ್ನು ಬಹಳ ಹೊತ್ತು ನೋಡಿದರು. ಮೇಡಂ ಬಿಸಿಲಿನಲ್ಲಿ ನಿಂತೇ ಇದ್ದರು.

ನಮ್ಮ ಜಾಗ ಪಟ್ಟಿಯಿಂದ ಹೊರಗೆ ಹೋಯಿತು. ಆ ಇಲ್ಲದ ಪದರವೇ ನನ್ನ ಪ್ರಬಂಧದ ವಿಷಯವಾಯಿತು: ಕಡಲು ಅಲ್ಲಿ ಯಾವಾಗ ಹಿಂದೆ ಸರಿಯಿತು, ಮತ್ತೆ ಯಾವಾಗ ಬಂತು ಎಂದು. ಕರಡು ಬರೆದಾಗ ನಾನು ಮೇಡಂ ಹೆಸರೆತ್ತದೆ, ಹಿಂದಿನ ಅಧ್ಯಯನಗಳು ಇಲ್ಲಿ ಪದರಗಳು ನಿರಂತರವೆಂದು ತಿಳಿದಿದ್ದವು ಎಂದಷ್ಟೇ ಬರೆದಿದ್ದೆ. ಅವರು ಅದನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ತಮ್ಮ ಹೆಸರನ್ನು ತಾವೇ ಬರೆದರು. "ಯಾರು ಅಂದಿದ್ರು ಅಂತ ಓದೋರಿಗೆ ಗೊತ್ತಾಗಬೇಕಲ್ಲ," ಎಂದರು. ಅದರಾಚೆ ನಮ್ಮಿಬ್ಬರ ನಡುವೆ ಆ ಬಗ್ಗೆ ಮಾತು ಬರಲಿಲ್ಲ. ನಿವೃತ್ತಿಯಾಗುವವರೆಗೂ ಅವರು ಪಾಠ ಮಾಡಿದರು. ಬೇರೊಂದು ಜಾಗ ಹುಡುಕಲು ಹೋಗಲಿಲ್ಲ. ಆಮೇಲೆ ತಮ್ಮನ ಮನೆಗೆ, ಕಂಪ್ಲಿಗೆ ಹೋದರು. ನಾನು ಅವರ ಜಾಗದಲ್ಲೇ ಕೆಲಸಕ್ಕೆ ಸೇರಿದೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಬೆಳಗ್ಗೆ ಫೋನ್ ಬಂತು, ಸಿಕ್ಕ ಬಸ್ಸು ಹತ್ತಿದೆ. ಅವರನ್ನು ಹೊಲದಲ್ಲಿ, ತಂದೆತಾಯಿಯ ಗದ್ದಿಗೆಯ ಪಕ್ಕದಲ್ಲಿ ಕೂರಿಸಿ ಮಣ್ಣು ಮಾಡುವುದೆಂದಿತ್ತು. ನಾನು ಹೋದಾಗ ಗುಂಡಿ ತೋಡಿ ಆಗಿತ್ತು. ಕಣ್ಣು ತಂತಾನೇ ಗುಂಡಿಯ ಗೋಡೆಗೆ ಹೋಯಿತು. ಮೇಲೆ ಎರೆಮಣ್ಣು, ಅದರ ಕೆಳಗೆ ಸುಣ್ಣದ ಗಂಟುಗಳು, ತಳದಲ್ಲಿ ದುಂಡು ಕಲ್ಲು ಬೆರೆತ ಮರಳು. ಹೊಳೆ ಈಗ ಅಷ್ಟು ದೂರದಲ್ಲಿ ಹರಿಯುತ್ತದೆ. ಒಂದು ಕಾಲಕ್ಕೆ ಇಲ್ಲೇ ಹರಿದಿರಬೇಕು. ಪಕ್ಕದಲ್ಲಿ ನಿಂತಿದ್ದ ಅವರ ತಮ್ಮ ನಾನು ನೋಡುತ್ತಿದ್ದದ್ದನ್ನು ಗಮನಿಸಿದರು.

"ಅಕ್ಕ ಇದ್ದಿದ್ರ ಇಳದ ನೋಡತಿದ್ಲು," ಎಂದರು. "ಯಾರು ಬ್ಯಾಡಂದ್ರೂ ಕೇಳತಿದ್ದಿಲ್ಲ."

ಮಠದಿಂದ ಬಂದಿದ್ದ ಸ್ವಾಮಿಗಳು ವಿಭೂತಿ, ಪತ್ರಿ ಇಟ್ಟರು. ಮಣ್ಣು ಹಾಕುವಾಗ ನಾನೂ ಒಂದು ಹಿಡಿ ಹಾಕಿದೆ. ಎರೆಮಣ್ಣು ಇನ್ನೂ ಹಸಿ ಇತ್ತು, ಬೆರಳಿಗೆ ಅಂಟಿಕೊಂಡಿತು. ಹೊಲದ ಅಂಚಿನ ಕಾಲುವೆಯಲ್ಲಿ ಕೈತೊಳೆದುಕೊಂಡು, ಎಲ್ಲರ ಜೊತೆ ನಡೆದು ಊರೊಳಗೆ ಬಂದೆ.